ಒಂದು ಶಿಲ್ಲಿಂಗಿನ ವಿಮರ್ಶೆ

1936ರ ಅಕ್ಟೋಬರ್ ತಿಂಗಳ ಕೊನೆ. ಲಂಡನ್ನಿನ ಪ್ರಕಾಶಕ ಸ್ಟಾನ್ಲಿ ಅನ್ವಿನ್ ತಮ್ಮ ಹತ್ತು ವರ್ಷದ ಮಗನ ಕೈಗೆ ಒಂದು ಬೆರಳಚ್ಚು ಪ್ರತಿ ಕೊಟ್ಟರು. ಮಕ್ಕಳ ಪುಸ್ತಕ ಹೇಗಿದೆಯೆಂದು ಮಕ್ಕಳೇ ಹೇಳಬೇಕು ಎಂಬುದು ಅವರ ನಂಬಿಕೆ. ಓದಿ ಅಭಿಪ್ರಾಯ ಬರೆದುಕೊಟ್ಟರೆ ಒಂದು ಶಿಲ್ಲಿಂಗ್ ಕೂಲಿ. ಹುಡುಗ ರೇನರ್ ಓದಿದ. ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿ, ಕೊನೆಗೊಂದು ಷರಾ ಸೇರಿಸಿದ: ನಕ್ಷೆಗಳಿದ್ದರೆ ಸಾಕು, ಈ ಪುಸ್ತಕಕ್ಕೆ ಚಿತ್ರಗಳು ಬೇಕಿಲ್ಲ; ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲ ಇದು ಹಿಡಿಸುತ್ತದೆ. ಹತ್ತು ವರ್ಷದವನು ತನ್ನನ್ನು ಮಾತ್ರ ಆ ಪಟ್ಟಿಯಿಂದ ಹೊರಗಿಟ್ಟುಕೊಂಡಿದ್ದ.

ಆ ಪುಸ್ತಕ 'ದಿ ಹಾಬಿಟ್'. ಬರೆದವರು ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕ ಜೆ.ಆರ್.ಆರ್. ಟೋಲ್ಕಿನ್. ಮುಂದಿನ ವರ್ಷ ಸೆಪ್ಟೆಂಬರ್ 21ರಂದು ಪುಸ್ತಕ ಹೊರಬಂತು. ಮೊದಲ ಮುದ್ರಣದ 1,500 ಪ್ರತಿಗಳು ಡಿಸೆಂಬರ್ ಹೊತ್ತಿಗೆ ಮುಗಿದುಹೋದವು. ಚಿತ್ರ ಬೇಡವೆಂದಿದ್ದ ರೇನರನ ಮಾತನ್ನು ಯಾರೂ ಕೇಳಲಿಲ್ಲ. ಟೋಲ್ಕಿನ್ನರೇ ಬರೆದ ಹತ್ತು ಕಪ್ಪು-ಬಿಳುಪು ಚಿತ್ರಗಳು ಅದರಲ್ಲಿದ್ದವು. ಆದರೆ ಹುಡುಗನ ಷರಾದಲ್ಲಿ ಒಂದು ಮುಖ್ಯ ವಿಷಯ ಅಡಗಿತ್ತು. ಕಥೆ ಚೆನ್ನಾಗಿದೆಯೋ ಇಲ್ಲವೋ ಎಂಬುದಷ್ಟನ್ನೇ ಅವನು ಹೇಳಿರಲಿಲ್ಲ. ಇಲ್ಲದ ಒಂದು ಊರನ್ನು ಓದುಗ ಪುಟದ ಮೇಲೆ ಕಾಣಬೇಕಾದರೆ ಏನಿರಬೇಕು, ಏನಿಲ್ಲದಿದ್ದರೆ ನಡೆಯುತ್ತದೆ ಎಂದು ಹೇಳಿದ್ದ.

ಟೋಲ್ಕಿನ್ ಎಂದೊಡನೆ ಒಬ್ಬನೇ ಕೂತು ಒಂದು ಇಡೀ ಲೋಕವನ್ನು ಕಟ್ಟಿದ ಮನುಷ್ಯನ ಚಿತ್ರ ಕಣ್ಣಮುಂದೆ ಬರುತ್ತದೆ. ಭಾಷೆಗಳು, ಲಿಪಿಗಳು, ರಾಜವಂಶಗಳು, ಪಂಚಾಂಗ, ಪರ್ವತ, ನದಿ ಎಲ್ಲವೂ ಅವರವೇ. ಇದರಲ್ಲಿ ಸುಳ್ಳಿಲ್ಲ. ಆದರೆ ಲೋಕ ಕಟ್ಟುವುದು ಒಂದು ಕೆಲಸ, ಅದನ್ನು ಓದುಗನ ಮುಂದೆ ಯಾವ ಕ್ರಮದಲ್ಲಿ ಇಡಬೇಕು ಎಂಬುದು ಇನ್ನೊಂದು ಕೆಲಸ. ಕಟ್ಟಿದವನಿಗೆ ಎಲ್ಲವೂ ಒಟ್ಟಿಗೇ ಗೊತ್ತಿರುತ್ತದೆ. ಬಾಗಿಲು ಎಲ್ಲಿರಬೇಕೆಂದು ಹೇಳಬಲ್ಲವನು ಹೊರಗೆ ನಿಂತವನು. ಮಿಡಲ್-ಅರ್ಥ್ ಎಂಬ ಆ ಲೋಕದ ಬಾಗಿಲು, ಕಿಟಕಿ, ಹಿತ್ತಿಲುಗಳು ಇಂದು ಇರುವಲ್ಲಿ ಇರುವುದಕ್ಕೆ ಹಾಗೆ ಹೊರಗೆ ನಿಂತು ಮಾತಾಡಿದ ಹಲವರು ಕಾರಣ. ಕೆಲವರ ಮಾತು ಫಲಿಸಿತು, ಕೆಲವರದು ಕೆಡಿಸಿತು.

ಈ ಕಥೆ 'ಹಾಬಿಟ್'ಗಿಂತ ಹಿಂದೆಯೇ ಶುರುವಾಗುತ್ತದೆ. 1929ರ ಡಿಸೆಂಬರಿನಲ್ಲಿ ಟೋಲ್ಕಿನ್ ತಮ್ಮ ಸ್ನೇಹಿತ ಸಿ.ಎಸ್. ಲೂಯಿಸ್ ಅವರಿಗೆ ಒಂದು ದೀರ್ಘ ಕಾವ್ಯವನ್ನು ಓದಲು ಕೊಟ್ಟರು. ಮನುಷ್ಯನೊಬ್ಬ ಎಲ್ಫ್ ಕನ್ಯೆಯನ್ನು ಪ್ರೀತಿಸುವ ಬೆರೆನ್-ಲೂಥಿಯನ್ನರ ಕಥೆ ಅದು. ಟೋಲ್ಕಿನ್ ಇಪ್ಪತ್ತರ ಹರೆಯದಿಂದ ಮನಸ್ಸಿನಲ್ಲಿ ಬೆಳೆಸಿಕೊಂಡು ಬಂದ ಪುರಾಣಲೋಕದ ಭಾಗ. ಇನ್ನೂ ಅಪೂರ್ಣ. ಲೂಯಿಸ್ ಅದನ್ನು ಓದಿ ಸಂತೋಷಪಟ್ಟರು. ಆಮೇಲೆ ಸಾಲುಸಾಲಾಗಿ ಟೀಕೆ ಬರೆದು ಕಳಿಸಿದರು. ಆ ಟೀಕೆಯ ರೂಪವೇ ಸೊಗಸು. ಹಳಗನ್ನಡ ಕಾವ್ಯದ ಓಲೆಗರಿಗಳನ್ನು ಸಂಪಾದಿಸುವವರು ಅಡಿಯಲ್ಲಿ ಪಾಠಾಂತರ ಕೊಟ್ಟು, 'ಇಲ್ಲಿ ಲಿಪಿಕಾರನ ಕೈತಪ್ಪಿದೆ' ಎನ್ನುತ್ತಾರಲ್ಲ, ಹಾಗೆ ಲೂಯಿಸ್ ಆ ಕಾವ್ಯವನ್ನು ಒಂದು ಪ್ರಾಚೀನ ಹಸ್ತಪ್ರತಿಯೆಂದೇ ಭಾವಿಸಿಕೊಂಡರು. ಪೀಬಾಡಿ, ಪಂಪರ್‌ನಿಕಲ್, ಶಿಕ್, ಶೂಫರ್ ಎಂಬ ಇಲ್ಲದ ವಿದ್ವಾಂಸರನ್ನು ಹುಟ್ಟಿಸಿ ಅವರವರಲ್ಲೇ ವಾದ ಹೂಡಿದರು. ಹಿಡಿಸದ ಸಾಲು ಬಂದಾಗ, ಇದು ಮೂಲದಲ್ಲಿ ಇದ್ದಿರಲಾರದು, ಯಾರೋ ನಂತರ ಕೆಡಿಸಿದ್ದಾರೆ ಎಂದು ಆ ಪಂಡಿತರ ಬಾಯಲ್ಲಿ ಹೇಳಿಸಿ, ತಮ್ಮ ಸಾಲನ್ನು 'ಶುದ್ಧ ಪಾಠ'ವೆಂದು ಸೂಚಿಸಿದರು.

ಇದರಲ್ಲಿ ತಮಾಷೆಗಿಂತ ಹೆಚ್ಚಿನದಿತ್ತು. ಲೂಯಿಸ್ ಮೊದಲು ಆ ಲೋಕವನ್ನು ಒಪ್ಪಿಕೊಂಡರು. ಅದು ನಿಜವಾಗಿ ಇತ್ತು, ಅದರ ಕಾವ್ಯ ಎಲ್ಲೋ ಉಳಿದು ಬಂದಿದೆ ಎಂದುಕೊಂಡ ಮೇಲೆ, ಉಳಿದು ಬಂದದ್ದರಲ್ಲಿ ಎಲ್ಲಿ ತೇಪೆ ಕಾಣುತ್ತಿದೆ ಎಂದು ತೋರಿಸಿದರು. ಬರೆದವರಿಗೆ ನೋವಾಗಲಿಲ್ಲ, ಕೆಲಸವೂ ಆಯಿತು. ಲೂಯಿಸ್ ಬೆರಳಿಟ್ಟ ಸಾಲುಗಳಲ್ಲಿ ಬಹುಪಾಲನ್ನು ಟೋಲ್ಕಿನ್ ತಿದ್ದಿದರು.

ಅದೇ ಕಾವ್ಯ ಎಂಟು ವರ್ಷದ ನಂತರ ಬೇರೊಬ್ಬರ ಮೇಜಿಗೆ ಹೋಯಿತು; ಅಲ್ಲಿ ಆದದ್ದೇ ಬೇರೆ. 'ಹಾಬಿಟ್' ಗೆದ್ದ ಮೇಲೆ ಇನ್ನೇನಿದೆ ಎಂದು ಸ್ಟಾನ್ಲಿ ಅನ್ವಿನ್ ಕೇಳಿದಾಗ, 1937ರ ನವೆಂಬರಿನಲ್ಲಿ ಟೋಲ್ಕಿನ್ ತಮ್ಮ ಹಸ್ತಪ್ರತಿಗಳ ಗಂಟನ್ನೇ ಒಪ್ಪಿಸಿದರು. ಅದರಲ್ಲಿ ಆ ಕಾವ್ಯವೂ ಇತ್ತು, 'ದಿ ಸಿಲ್ಮರಿಲಿಯನ್' ಎಂಬ ಪುರಾಣ ಗದ್ಯವೂ ಇತ್ತು. ಪ್ರಕಾಶನದ ಪರವಾಗಿ ಹಸ್ತಪ್ರತಿ ಓದುತ್ತಿದ್ದ ಎಡ್ವರ್ಡ್ ಕ್ರ್ಯಾಂಕ್‌ಶಾ ಅವರಿಗೆ ತಲುಪಿದ್ದು ಕಾವ್ಯ ಮತ್ತು ಕಥೆಯನ್ನು ಮುಂದುವರಿಸುವ ಕೆಲವೇ ಗದ್ಯದ ಪುಟಗಳು. ಮುನ್ನುಡಿಯಿಲ್ಲ, ನಕ್ಷೆಯಿಲ್ಲ, ಇದು ಯಾವ ಲೋಕದ ಮಾತು ಎಂಬ ಸುಳಿವಿಲ್ಲ. ಇದೇನು ಹಳೆಯ ಕೆಲ್ಟಿಕ್ ಐತಿಹ್ಯವೋ ಎಂದು ಅವರು ಗೊಂದಲಕ್ಕೆ ಬಿದ್ದರು. ಪದ್ಯ ಅವರಿಗೆ ಹಿಡಿಸಲಿಲ್ಲ, ಗದ್ಯ ಹಿಡಿಸಿತು, ಹೆಸರುಗಳು ಕಣ್ಣು ಕುಕ್ಕಿದವು. ಪ್ರಕಾಶಕರು ಟೋಲ್ಕಿನ್ನರಿಗೆ ಗದ್ಯದ ಬಗೆಗಿನ ಹೊಗಳಿಕೆಯನ್ನಷ್ಟೇ ಮುಟ್ಟಿಸಿ, ಹಾಬಿಟ್‌ಗಳ ಬಗ್ಗೆ ಇನ್ನೊಂದು ಕಥೆ ಬರೆದರೆ ಒಳ್ಳೆಯದೆಂದರು. 'ಸಿಲ್ಮರಿಲಿಯನ್'ಅನ್ನು ಓದಿ ಬೇಡವೆಂದಿದ್ದಾರೆ ಎಂದೇ ಟೋಲ್ಕಿನ್ ತಿಳಿದರು. ನಿಜಕ್ಕೂ ಅದನ್ನು ಸರಿಯಾಗಿ ಯಾರೂ ಓದಿರಲೇ ಇಲ್ಲ.

ಡಿಸೆಂಬರ್ 19ರ ಹೊತ್ತಿಗೆ ಟೋಲ್ಕಿನ್ ಹೊಸ ಕಥೆಯ ಮೊದಲ ಅಧ್ಯಾಯ ಬರೆದಿದ್ದರು. ಅದು ಬೆಳೆದು 'ದಿ ಲಾರ್ಡ್ ಆಫ್ ದ ರಿಂಗ್ಸ್' ಆಯಿತು. ಜೋಡಿಸದೆ ಕಳಿಸಿದ ಒಂದು ಕಾಗದದ ಗಂಟು, ಅದಕ್ಕೆ ಬಂದ ಅರೆಬರೆ ಅಭಿಪ್ರಾಯ, ಇವೆರಡರಿಂದ ಇಪ್ಪತ್ತನೆಯ ಶತಮಾನದ ಬಹು ದೊಡ್ಡ ಕಾದಂಬರಿಯೊಂದು ಹುಟ್ಟಿತು. ಅವರ ಜೀವದ ಗ್ರಂಥ ಮಾತ್ರ ಮೂಲೆಗೆ ಬಿತ್ತು.

ಪುಟದ ಜೋಡಣೆ ಕಥೆಯ ಗುಟ್ಟನ್ನು ಹೇಗೆ ಕಾಯಬಹುದು, ಹೇಗೆ ಬಿಟ್ಟುಕೊಡಬಹುದು ಎಂಬುದನ್ನು ಟೋಲ್ಕಿನ್ 'ಹಾಬಿಟ್' ಅಚ್ಚಾಗುವಾಗಲೇ ಕಂಡಿದ್ದರು. ಆ ಕಥೆಯಲ್ಲಿ ಥ್ರೋರ್ ಎಂಬ ಕುಬ್ಜರಾಜನ ನಕ್ಷೆಯೊಂದಿದೆ. ಅದರ ಮೇಲೆ ಬೆಳದಿಂಗಳಲ್ಲಿ ಮಾತ್ರ ಕಾಣುವ ಅಕ್ಷರಗಳು. ಮೂರನೆಯ ಅಧ್ಯಾಯದಲ್ಲಿ ಎಲ್ರಾಂಡ್ ಅದನ್ನು ಎತ್ತಿ ಹಿಡಿದಾಗಲಷ್ಟೇ ಅವು ಗೋಚರಿಸುತ್ತವೆ. ಟೋಲ್ಕಿನ್ನರ ಆಸೆ ಹೀಗಿತ್ತು: ನಕ್ಷೆ ಮೊದಲ ಅಧ್ಯಾಯದಲ್ಲೇ ಇರಬೇಕು, ಆ ಗುಪ್ತ ಅಕ್ಷರಗಳನ್ನು ಹಾಳೆಯ ಹಿಂಬದಿಯಲ್ಲಿ ಅಚ್ಚುಹಾಕಬೇಕು, ಓದುಗ ಹಾಳೆಯನ್ನು ದೀಪಕ್ಕೆ ಹಿಡಿದರೆ ಮಾತ್ರ ಕಾಣಬೇಕು. ಖರ್ಚಿನ ಲೆಕ್ಕ ಬಂತು. ನಕ್ಷೆ ಮುಂದಿನ ರಟ್ಟಿನ ಒಳಹಾಳೆಗೆ ಹೋಯಿತು. ಗುಪ್ತ ಅಕ್ಷರಗಳು ಉಳಿದವುಗಳ ಪಕ್ಕದಲ್ಲೇ, ಬರಿಯ ರೇಖೆಗಳಾಗಿ ಕೂತವು. ಪುಸ್ತಕ ತೆರೆದ ಕೂಡಲೇ ಓದುಗನ ಕಣ್ಣಿಗೆ ಗುಟ್ಟು ಬಿದ್ದಿತು, ಪಾತ್ರಗಳಿಗೆ ಮಾತ್ರ ಅದು ಇನ್ನೂ ಐವತ್ತು ಪುಟ ಆಚೆಗಿತ್ತು. ಹೊದಿಕೆಯ ಚಿತ್ರದಲ್ಲಿ ಟೋಲ್ಕಿನ್ ಬಯಸಿದ್ದ ಕೆಂಪು ಸೂರ್ಯ, ಕೆಂಪು ಡ್ರ್ಯಾಗನ್ನಿಗೂ ಅದೇ ಗತಿ. ಒಂದು ಬಣ್ಣ ಕಡಿಮೆಯಾದರೆ ಅಷ್ಟು ಖರ್ಚು ಉಳಿತಾಯ.

'ಲಾರ್ಡ್ ಆಫ್ ದ ರಿಂಗ್ಸ್' ಮುಗಿಯಲು ಹನ್ನೆರಡು ವರ್ಷ ಹಿಡಿಯಿತು. ಯುದ್ಧ ಮುಗಿದಿತ್ತು, ಕಾಗದ ತುಟ್ಟಿಯಾಗಿತ್ತು. 'ಸಿಲ್ಮರಿಲಿಯನ್' ಜೊತೆಗೇ ಬರಬೇಕೆಂದು ಟೋಲ್ಕಿನ್ ಪಟ್ಟು ಹಿಡಿದು ಇನ್ನೊಬ್ಬ ಪ್ರಕಾಶಕರತ್ತ ಹೋಗಿ, ಅಲ್ಲೂ ಕೂಡಿಬರದೆ 1952ರಲ್ಲಿ ಅನ್ವಿನ್ನರ ಬಳಿಗೇ ಮರಳಿದರು. ಈಗ ಅವರ ಹಸ್ತಪ್ರತಿಯನ್ನು ನೋಡುತ್ತಿದ್ದವನು ಆ ಒಂದು ಶಿಲ್ಲಿಂಗಿನ ವಿಮರ್ಶಕ, ದೊಡ್ಡವರಾಗಿ ತಂದೆಯ ಸಂಸ್ಥೆ ಸೇರಿದ್ದ ರೇನರ್ ಅನ್ವಿನ್. ಸಾವಿರ ಪೌಂಡ್ ನಷ್ಟವಾಗಬಹುದು ಎಂದು ಅವರು ತಂದೆಗೆ ಬರೆದರು. ಮಹಾಕೃತಿಯೆಂದು ನಿನಗೆ ಅನ್ನಿಸಿದರೆ ಕಳೆದುಕೋ ಎಂಬರ್ಥದ ಉತ್ತರ ಬಂತು.

ಒಂದೇ ಪುಸ್ತಕವಾಗಿ ಅಚ್ಚುಹಾಕಿದರೆ ಕೊಳ್ಳುವವರಿಲ್ಲ ಎಂಬ ಭಯದಿಂದ ರೇನರ್ ಅದನ್ನು ಮೂರು ಸಂಪುಟ ಮಾಡಿದರು. ಟೋಲ್ಕಿನ್ನರ ಮನಸ್ಸಿನಲ್ಲಿ ಅದು ಆರು 'ಪುಸ್ತಕ'ಗಳುಳ್ಳ ಒಂದೇ ಕೃತಿ. ಹಾಗಾಗಿ ಪ್ರತಿ ಸಂಪುಟಕ್ಕೂ ಹೊಸದಾಗಿ ಹೆಸರು ಹುಡುಕಬೇಕಾಯಿತು. ಮೂರನೆಯದಕ್ಕೆ 'ದಿ ರಿಟರ್ನ್ ಆಫ್ ದ ಕಿಂಗ್' ಎಂದಾಗ ಟೋಲ್ಕಿನ್ ಒಪ್ಪಲಿಲ್ಲ: ರಾಜ ಮರಳುತ್ತಾನೆಂದು ಹೊದಿಕೆಯಲ್ಲೇ ಹೇಳಿದರೆ ಒಳಗೆ ಉಳಿಯುವುದೇನು? 'ದಿ ವಾರ್ ಆಫ್ ದ ರಿಂಗ್' ಎಂದಿಡಿ ಎಂದರು. ಆ ವಾದದಲ್ಲಿ ಅವರು ಸೋತರು.

1953ರಲ್ಲಿ ಕರಡಚ್ಚುಗಳು ಬರತೊಡಗಿದಾಗ ಇನ್ನೊಂದು ಬಗೆಯ ತೊಡಕು ಎದುರಾಯಿತು. ಮುದ್ರಣಾಲಯದ ಕರಡು ತಿದ್ದುವವರು ನಿಘಂಟು ಹಿಡಿದು ಕೂತಿದ್ದರು. ಕುಬ್ಜರ ಬಹುವಚನವಾಗಿ ಟೋಲ್ಕಿನ್ ಬರೆದ 'ಡ್ವಾರ್ವ್ಸ್' ನಿಘಂಟಿನ 'ಡ್ವಾರ್ಫ್ಸ್' ಆಯಿತು. 'ಎಲ್ವನ್' ಎಂದಿದ್ದದ್ದು 'ಎಲ್ಫಿನ್' ಆಯಿತು. ವ್ಯಾಕರಣ ಸರಿಯಾಯಿತು, ಲೋಕ ತಪ್ಪಾಯಿತು. ಟೋಲ್ಕಿನ್ನರ ಮಟ್ಟಿಗೆ ಆ ಒಂದು ಅಕ್ಷರದಲ್ಲಿ, ಅಜ್ಜಿಕಥೆಯ ಮುದ್ದು ಕುಳ್ಳರಿಗೂ ತಮ್ಮದೇ ಇತಿಹಾಸವಿರುವ ಒಂದು ಜನಾಂಗಕ್ಕೂ ಇರುವ ಅಂತರ ಅಡಗಿತ್ತು. ಅವರು ಹಟ ಹಿಡಿದು ಎಲ್ಲವನ್ನೂ ಹಿಂದಕ್ಕೆ ತಿದ್ದಿಸಿದರು. ಲೂಯಿಸ್ ಮತ್ತು ಈ ಕರಡು ತಿದ್ದುವವರ ನಡುವಿನ ವ್ಯತ್ಯಾಸ ಇಷ್ಟೇ: ಒಬ್ಬರು ಒಳಗೆ ಬಂದು ತಪ್ಪು ಹುಡುಕಿದರು, ಇನ್ನೊಬ್ಬರು ಹೊರಗಿನ ಅಳತೆಗೋಲನ್ನು ಒಳಗೆ ತಂದರು.

ಎಲ್ಲ ಹಟವೂ ಗೆಲ್ಲಲಿಲ್ಲ. ಮೋರಿಯಾ ಗಣಿಯಲ್ಲಿ ಪ್ರಯಾಣಿಕರಿಗೆ ಅರ್ಧ ಸುಟ್ಟ ಒಂದು ದಿನಚರಿ ಸಿಗುತ್ತದೆ. ಅದರ ಮೂರು ಹಾಳೆಗಳನ್ನು ಟೋಲ್ಕಿನ್ ನಿಜವಾಗಿಯೇ ತಯಾರಿಸಿದ್ದರು: ಅಂಚನ್ನು ಸುಟ್ಟು, ಹೊಲಿಗೆಯ ತೂತು ಮಾಡಿ, ರಕ್ತದಂತೆ ಕಾಣಲು ಕೆಂಪು ಬಣ್ಣ ಬಳಿದು. ಬಣ್ಣದಲ್ಲಿ ಅಚ್ಚುಹಾಕಲು ಹಣವಿರಲಿಲ್ಲ. ಅವು ಪುಸ್ತಕದ ಒಳಗೆ ತಮ್ಮ ಜಾಗಕ್ಕೆ ಬಂದದ್ದು 2004ರಲ್ಲಿ, ಕೃತಿಗೆ ಐವತ್ತು ತುಂಬಿದಾಗ. ಟೋಲ್ಕಿನ್ ತೀರಿಕೊಂಡು ಆಗಲೇ ಮೂವತ್ತು ವರ್ಷ ದಾಟಿತ್ತು.

ಅಚ್ಚಿಗೆ ಮುನ್ನ ಕರಡನ್ನು ಓದಿದವರಲ್ಲಿ ಲೇಖಕಿ ನವೋಮಿ ಮಿಚಿಸನ್ ಒಬ್ಬರು. ಭಾರತಕ್ಕೆ ಬಂದು ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಅವರ ತಂಗಿ ಅವರು. ಆ ಲೋಕದ ಭಾಷೆ, ಜನ, ಜೀವಿಗಳ ಬಗ್ಗೆ ಮಿಚಿಸನ್ ಪ್ರಶ್ನೆಗಳ ಸಾಲನ್ನೇ ಕಳಿಸಿದರು. 1954ರ ಏಪ್ರಿಲ್ 25ರಂದು ಟೋಲ್ಕಿನ್ ಬರೆದ ಉದ್ದನೆಯ ಉತ್ತರದಲ್ಲಿ ಈ ಲೋಕ ಪುಟಕ್ಕೆ ಬಂದ ಬಗೆಯ ಎರಡು ಸಂಗತಿಗಳಿವೆ. ಮೊದಲನೆಯದು, ತಾವು ನಕ್ಷೆಯಿಂದಲೇ ಆರಂಭಿಸಿ ಕಥೆಯನ್ನು ಅದಕ್ಕೆ ಹೊಂದಿಸಿದ್ದು ಜಾಣತನವಾಯಿತು, ಕಥೆ ಬರೆದು ಆಮೇಲೆ ನಕ್ಷೆ ಮಾಡಹೊರಟರೆ ಗೊಂದಲವೇ ಗತಿ ಎಂಬುದು. ಎರಡನೆಯದು, ಕೊನೆಗೆ ಸೇರಿಸಬೇಕೆಂದಿದ್ದ ಉಪಸಂಹಾರದ ಅಧ್ಯಾಯವನ್ನು ಓದಿದವರೆಲ್ಲ ಬೇಡವೆಂದದ್ದರಿಂದ ಕೈಬಿಟ್ಟದ್ದು. ಅದರಲ್ಲಿ ಸ್ಯಾಮ್ ಎಂಬ ತೋಟಗಾರ ವರ್ಷಗಳ ನಂತರ ತನ್ನ ಮಕ್ಕಳ ಪ್ರಶ್ನೆಗಳಿಗೆಲ್ಲ ಉತ್ತರಿಸುತ್ತಾನೆ. ಅದು ಹೋದ ಮೇಲೆ ಕೃತಿ ಮುಗಿಯುವುದು ಸ್ಯಾಮ್ ಮನೆಯ ಬಾಗಿಲಿಗೆ ಬಂದು ಹೇಳುವ ಒಂದು ಪುಟ್ಟ ಮಾತಿನಲ್ಲಿ. ಇಂದು ಆ ಕೊನೆಯನ್ನು ಮೆಚ್ಚುವವರು, ಬೇಡವೆಂದ ಹೆಸರಿಲ್ಲದ ಓದುಗರಿಗೂ ಋಣಿಗಳು.

ಮೊದಲ ಸಂಪುಟ 1954ರ ಜುಲೈ 29ಕ್ಕೆ, ಎರಡನೆಯದು ನವೆಂಬರ್ 11ಕ್ಕೆ ಬಂತು. ಎರಡನೆಯದು ನಾಯಕ ಫ್ರೋಡೋ ಶತ್ರುಗಳ ಸೆರೆಗೆ ಸಿಕ್ಕಲ್ಲಿ ನಿಲ್ಲುತ್ತದೆ. ಮೂರನೆಯದಕ್ಕೆ ಓದುಗರು 1955ರ ಅಕ್ಟೋಬರ್ 20ರವರೆಗೆ ಕಾದರು. ಕಾಯಿಸಿದ್ದು ಕಥೆಯಲ್ಲ, ಅನುಬಂಧಗಳು. ರಾಜವಂಶಗಳ ವೃತ್ತಾಂತ, ಕಾಲಾನುಕ್ರಮಣಿಕೆ, ವಂಶವೃಕ್ಷಗಳು, ಪಂಚಾಂಗ, ಲಿಪಿ ಮತ್ತು ಉಚ್ಚಾರಣೆ, ಭಾಷೆಗಳು ಎಂದು ಆರು. ಜೊತೆಗೆ ಗೊಂಡೋರ್ ಮತ್ತು ಮೊರ್ಡೋರ್ ಸೀಮೆಯ ದೊಡ್ಡ ನಕ್ಷೆ ಬೇಕಿತ್ತು. ದೂರ, ದಿನ, ದಾರಿ ಯಾವುದೂ ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಆ ಏಪ್ರಿಲಿನಲ್ಲಿ ಮಗ ಕ್ರಿಸ್ಟೋಫರ್ ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ಮಲಗದೆ ಕೂತು ನಕ್ಷೆ ಮುಗಿಸಿದ. ಇಷ್ಟಾದರೂ ಮೊದಲ ಸಂಪುಟದಲ್ಲಿ ಮಾತು ಕೊಟ್ಟಿದ್ದ ಹೆಸರುಗಳ ಸೂಚಿ ಸಿದ್ಧವಾಗಲಿಲ್ಲ. ಪ್ರಕಾಶಕರು ಮೂರನೆಯ ಸಂಪುಟದಲ್ಲಿ ವಿಷಾದ ಸೂಚಿಸಿ ಅಚ್ಚುಹಾಕಿದರು. ಸೂಚಿ ಪುಸ್ತಕದೊಳಗೆ ಬರಲು ಇನ್ನೂ ಹತ್ತು ವರ್ಷ ಬೇಕಾಯಿತು.

ಈ ಒತ್ತಡದ ನಡುವೆ, 1955ರ ಮಾರ್ಚಿನಲ್ಲಿ, ಅನುಬಂಧ ಕೊಡುವೆನೆಂದು ಮಾತು ಕೊಡಬಾರದಿತ್ತು ಎಂದು ಟೋಲ್ಕಿನ್ ರೇನರ್‌ಗೆ ಬರೆದರು. ಕತ್ತರಿಸಿ ಕೊಟ್ಟರೆ ಯಾರಿಗೂ ತೃಪ್ತಿಯಿಲ್ಲ. ಕಥೆಯನ್ನು ಕಥೆಯಾಗಿ ಸವಿಯುವವರಿಗೆ ದೂರದಲ್ಲಿ ಮಸುಕಾಗಿ ಕಾಣುವ, ಯಾರೂ ವಿವರಿಸದ ಬೆಟ್ಟಸಾಲೇ ಸೊಗಸು. ಅವರು ಅನುಬಂಧ ತೆರೆಯುವುದೇ ಇಲ್ಲ. ಇನ್ನುಳಿದವರಿಗೆ ಎಷ್ಟು ಕೊಟ್ಟರೂ ಸಾಲದು. ಮರುವರ್ಷದ ಪತ್ರವೊಂದರಲ್ಲಿ ಆ ಬೇಡಿಕೆಗಳನ್ನು ಅವರು ನಗುತ್ತಲೇ ಪಟ್ಟಿಮಾಡಿದ್ದಾರೆ: ಸಂಗೀತಗಾರರಿಗೆ ಹಾಡಿನ ಮಟ್ಟು ಬೇಕು, ಪುರಾತತ್ವದವರಿಗೆ ಮಡಕೆ-ಲೋಹಗಳ ವಿವರ ಬೇಕು, ಸಸ್ಯಶಾಸ್ತ್ರಜ್ಞರಿಗೆ ಮರಗಿಡಗಳ ಸರಿಯಾದ ವರ್ಣನೆ ಬೇಕು, ಇತಿಹಾಸಕಾರರಿಗೆ ಗೊಂಡೋರಿನ ರಾಜ್ಯವ್ಯವಸ್ಥೆ ಬೇಕು.

ಯಾವುದು ಕಥೆಯ ಒಳಗೆ, ಯಾವುದು ಹಿಂದಿನ ಪುಟಗಳಿಗೆ ಎಂಬ ಈ ನಿರ್ಧಾರದ ಬೆಲೆ ಆರಾಗಾರ್ನ್ ಮತ್ತು ಆರ್ವೆನ್ನರ ಪ್ರಸಂಗದಲ್ಲಿ ಕಾಣುತ್ತದೆ. ಸಾವಿಲ್ಲದ ಹೆಣ್ಣೊಬ್ಬಳು ಸಾಯುವ ಮನುಷ್ಯನಿಗಾಗಿ ಅಮರತ್ವ ಬಿಡುವ ಕಥೆ ಅದು. ಇಡೀ ಕೃತಿಯ ತಿರುಳಿಗೆ ಅದು ಅಗತ್ಯವೆಂದು ಟೋಲ್ಕಿನ್ನರಿಗೆ ಗೊತ್ತಿತ್ತು. ಆದರೆ ಹಾಬಿಟ್‌ಗಳ ಕಣ್ಣಿನಿಂದ ಸಾಗುವ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಹೀಗೆ ಮೊದಲ ಅನುಬಂಧದಲ್ಲಿ, ರಾಜರ ಪಟ್ಟಿಗಳ ನಡುವೆ ಅದು ಕೂತಿತು. ಅಲ್ಲಿಯವರೆಗೆ ಹೋಗದ ಓದುಗರಿಗೆ ಆರ್ವೆನ್ ಕೊನೆಯಲ್ಲಿ ಹಠಾತ್ತನೆ ಬರುವ ಮದುವಣಗಿತ್ತಿ. 2001ರಿಂದ 2003ರ ನಡುವೆ ಬಂದ ಪೀಟರ್ ಜಾಕ್ಸನ್‌ರ ಚಿತ್ರಗಳು ಅನುಬಂಧದ ಆ ಪುಟಗಳನ್ನೇ ಎತ್ತಿ ಕಥೆಯ ನಡುವೆ ಇಟ್ಟವು. ಐವತ್ತು ವರ್ಷದ ನಂತರ ಬಂದ ಒಂದು ಜೋಡಣೆಯ ಸಲಹೆ ಎಂದೂ ಅದನ್ನು ನೋಡಬಹುದು.

ಕೆಲವೊಮ್ಮೆ ದೂರು ಹೇಳುವ ಸರದಿ ಟೋಲ್ಕಿನ್ನರದೇ ಆಗುತ್ತಿತ್ತು. 1965ರಲ್ಲಿ ಅಮೆರಿಕದ ಅಗ್ಗದ ಆವೃತ್ತಿಯ 'ಹಾಬಿಟ್' ಹೊದಿಕೆಯಲ್ಲಿ ಒಂದು ಸಿಂಹ, ಎರಡು ಎಮು ಹಕ್ಕಿ, ಗುಲಾಬಿ ಬುರುಡೆಗಳು ಜೋತ ಒಂದು ಮರ ಕಂಡಾಗ ಇವಕ್ಕೂ ತಮ್ಮ ಕಥೆಗೂ ಏನು ಸಂಬಂಧ ಎಂದು ಕೇಳಿದರು. ಚಿತ್ರ ಬರೆದ ಕಲಾವಿದೆಗೆ ಪುಸ್ತಕ ಓದಲು ಅವಕಾಶವೇ ಸಿಕ್ಕಿರಲಿಲ್ಲ. ಮುಂದಿನ ಮುದ್ರಣಗಳಲ್ಲಿ ಸಿಂಹ ಮಾಯವಾಯಿತು, ಎಮುಗಳು ಉಳಿದವು.

ಓದಿದ ಕಲಾವಿದರೊಡನೆ ಅವರು ನಡೆದುಕೊಂಡ ರೀತಿ ಬೇರೆ. ಪಾಲಿನ್ ಬೇನ್ಸ್ ಮಿಡಲ್-ಅರ್ಥ್‌ನ ಗೋಡೆನಕ್ಷೆಯೊಂದನ್ನು ಬರೆಯುತ್ತಿದ್ದರು. ಅದು 1970ರಲ್ಲಿ ಪ್ರಕಟವಾಯಿತು. ಅದಕ್ಕಾಗಿ ಅವರು ತಮ್ಮ ಪ್ರತಿಯಿಂದ ನಕ್ಷೆಯನ್ನು ಬಿಚ್ಚಿ ಟೋಲ್ಕಿನ್ನರ ಮುಂದಿಟ್ಟರು. ಟೋಲ್ಕಿನ್ ಅದರ ಮೈತುಂಬ ಟಿಪ್ಪಣಿ ಬರೆದರು: ಹಾಬಿಟನ್ ಊರು ಆಕ್ಸ್‌ಫರ್ಡಿನ ಅಕ್ಷಾಂಶದಲ್ಲಿದೆ, ಮಿನಾಸ್ ತಿರಿತ್ ಇಟಲಿಯ ರವೆನ್ನಾದ ಅಕ್ಷಾಂಶದಲ್ಲಿ, ನಕ್ಷೆಯ ಕೆಳ ಅಂಚು ಸುಮಾರು ಜೆರುಸಲೇಮಿನದರಲ್ಲಿ, ಆನೆ ಬರೆಯುವುದಾದರೆ ದಕ್ಷಿಣದ ಹರಾದ್ ಸೀಮೆಯ ಖಾಲಿ ಚೌಕಗಳಲ್ಲಿ ಬರೆಯಬಹುದು, ಒಂಟೆಗಳೂ ಅಲ್ಲಿಗೆ ಸಲ್ಲುತ್ತವೆ. ಎಲ್ಲಿ ಎಷ್ಟು ಹಸಿರು, ಯಾವ ಹವೆ, ಯಾವ ಪ್ರಾಣಿ ಎಂದು ಚಿತ್ರಗಾರ್ತಿಗೆ ತಿಳಿಯಬೇಕಾದ್ದೆಲ್ಲ ಆ ಒಂದು ಹಾಳೆಯಲ್ಲಿತ್ತು. 2015ರಲ್ಲಿ ಅವರ ಹಳೆಯ ಪುಸ್ತಕದೊಳಗೆ ಮಡಿಸಿಟ್ಟಂತೆ ಸಿಕ್ಕ ಆ ಹಾಳೆ ಈಗ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ.

ಟೋಲ್ಕಿನ್ 1973ರ ಸೆಪ್ಟೆಂಬರ್ 2ರಂದು ತೀರಿಕೊಂಡಾಗ 'ಸಿಲ್ಮರಿಲಿಯನ್' ಇನ್ನೂ ಕಾಗದದ ಗಂಟಾಗಿಯೇ ಇತ್ತು. ಆರು ದಶಕಗಳ ಕರಡುಗಳು, ಒಂದರ ಮೇಲೊಂದು ತಿದ್ದುಗಳು. ಜೋಡಿಸುವ ಹೊಣೆ ಕ್ರಿಸ್ಟೋಫರ್ ಹೆಗಲಿಗೆ ಬಂತು. 1977ರಲ್ಲಿ ಅವರು ಅದನ್ನು ಒಂದೇ ಸರಳ ಓಟದ ಪುಸ್ತಕವಾಗಿ, ವಂಶವೃಕ್ಷ, ನಕ್ಷೆ, ಹೆಸರುಗಳ ಸೂಚಿಗಳೊಡನೆ ಹೊರತಂದರು. ಮಾರಾಟ ಭರ್ಜರಿಯಾಗಿತ್ತು, ಆದರೆ ಒಳಗೆ ಕಾಲಿಡಲಾಗದ ಓದುಗರೂ ಬಹಳ. ಈ ಕಥೆಗಳನ್ನು ಆ ಲೋಕದಲ್ಲಿ ಯಾರು ಬರೆದಿಟ್ಟರು, ಯಾರ ಕೈಯಿಂದ ನಮ್ಮವರೆಗೆ ಬಂದವು ಎಂಬ ಚೌಕಟ್ಟೇ ಅದಕ್ಕಿರಲಿಲ್ಲ. ವಿಮರ್ಶಕ ಟಾಮ್ ಶಿಪ್ಪಿ ಎತ್ತಿದ ಮಾತುಗಳನ್ನು ಚರ್ಚಿಸುತ್ತ, 1983ರಲ್ಲಿ ಕ್ರಿಸ್ಟೋಫರ್ ಅದನ್ನು ತಮ್ಮ ತಪ್ಪೆಂದು ಅಚ್ಚಿನಲ್ಲೇ ಒಪ್ಪಿಕೊಂಡರು. ಒಬ್ಬ ಮಗ ತಂದೆಯ ಜೀವಮಾನದ ಕೆಲಸವನ್ನು ಲೋಕದ ಮುಂದಿಟ್ಟು, ಆರು ವರ್ಷದ ನಂತರ 'ಇಟ್ಟ ರೀತಿ ಸರಿಯಿರಲಿಲ್ಲ' ಎನ್ನುವುದು ಸುಲಭವಲ್ಲ. ಅಲ್ಲಿಗೇ ನಿಲ್ಲದೆ, 1996ರವರೆಗೆ ಹನ್ನೆರಡು ಸಂಪುಟಗಳಲ್ಲಿ ತಂದೆಯ ಕರಡುಗಳನ್ನು ಬರೆದ ಕ್ರಮದಲ್ಲೇ, ಟಿಪ್ಪಣಿ ಸಮೇತ ಪ್ರಕಟಿಸಿದರು. ಲೂಯಿಸ್ ತಮಾಷೆಗೆ ಹುಟ್ಟಿಸಿದ್ದ ಪಂಡಿತರ ಕೆಲಸವನ್ನು ಮಗ ನಿಜವಾಗಿ ಮಾಡಿದರು. ಆ ಸಂಪುಟಗಳಲ್ಲೊಂದರ ಹಿಂದಿನ ಪುಟಗಳಲ್ಲಿ ಪೀಬಾಡಿ, ಪಂಪರ್‌ನಿಕಲ್ಲರ ಟೀಕೆಗೂ ಜಾಗ ಸಿಕ್ಕಿತು.

ಇಂದು ತಮ್ಮದೇ ಲೋಕ ಕಟ್ಟಿ ಅದರ ರಾಜ್ಯ, ನದಿ, ದೇವರುಗಳ ಬಗ್ಗೆ ವಿಶ್ವಕೋಶದಂತೆ ಲೇಖನ ಬರೆಯುವ ತರುಣರು ಎಲ್ಲೆಡೆ ಇದ್ದಾರೆ. ಅವರು ಬರೆದದ್ದನ್ನು ಓದಿ ಅಭಿಪ್ರಾಯ ಹೇಳಬೇಕಾದವರಿಗೆ ಈ ಇತಿಹಾಸದಲ್ಲಿ ಎರಡೂ ಬಗೆಯ ಮಾದರಿಗಳಿವೆ. ನಿಘಂಟು ಹಿಡಿದು ಕೂತವರು ಒಂದು ಕಡೆ. ಓದುತ್ತ ದಾರಿ ತಪ್ಪಿದ್ದು ಎಲ್ಲಿ, ನಕ್ಷೆ ಬೇಕೆನ್ನಿಸಿದ್ದು ಎಲ್ಲಿ, ಇನ್ನು ವಿವರ ಸಾಕೆನ್ನಿಸಿದ್ದು ಎಲ್ಲಿ ಎಂದು ಹೇಳುವವರು ಇನ್ನೊಂದು ಕಡೆ. ಎರಡನೆಯದಕ್ಕೆ ಪಾಂಡಿತ್ಯ ಬೇಕಿಲ್ಲ, ಪೂರ್ತಿ ಓದಿರಬೇಕು ಅಷ್ಟೇ. 1936ರ ಆ ಹುಡುಗ ಓದಿದ್ದ. ರೇನರ್ ಅನ್ವಿನ್ 2000ದಲ್ಲಿ ತೀರಿಕೊಂಡರು. ಅಪ್ಪ ಕೊಟ್ಟ ಆ ಶಿಲ್ಲಿಂಗ್ ಪ್ರಕಾಶನ ಲೋಕದಲ್ಲಿ ಅತ್ಯಂತ ಲಾಭ ತಂದ ಖರ್ಚು ಎಂದು ಅವರನ್ನು ಬಲ್ಲವರು ಹೇಳಿದರೆ, ಅದನ್ನು ಅತಿಶಯೋಕ್ತಿ ಎನ್ನುವುದು ಕಷ್ಟ.